ಒಂದೇ ಪ್ರೊಸೆಸರ್, ಮೂರು ಟೆಂಪರೇಚರ್: ಯಾವುದನ್ನು ನಂಬೋದು?

ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಪಿಸಿ ಇಟ್ಟುಕೊಂಡವರಿಗೆ ಸಿಪಿಯು ಎಷ್ಟು ಬಿಸಿ ಅನ್ನೋದು ದೊಡ್ಡ ಪ್ರಶ್ನೆಯೇ. ನನ್ನದು ಬೆಂಗಳೂರಿನ ಎಸ್‌ಪಿ ರೋಡಿನಿಂದ ಪಾರ್ಟ್ಸ್ ತಂದು ಮನೆಯಲ್ಲೇ ಜೋಡಿಸಿದ್ದು: ಎಎಂಡಿಯ ರೈಜೆನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, ಪ್ರೊಸೆಸರ್ ಡಬ್ಬದಲ್ಲೇ ಬರುವ ರೈತ್ ಸ್ಟೆಲ್ತ್ ಕೂಲರ್. ಒಂದು ಸಂಜೆ ರೂಮಿನಲ್ಲಿ 34 ಡಿಗ್ರಿ ಇತ್ತು. ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಟೆಸ್ಟನ್ನು ಹತ್ತು ಹತ್ತು ನಿಮಿಷ ಓಡಿಸಿ, ಬಿಸಿ ತೋರಿಸುವ ಒಂದೊಂದೇ ಪ್ರೋಗ್ರಾಮ್ ತೆರೆದು ನೋಡಿದೆ. ಒಂದು 68 ಅಂದಿತು, ಇನ್ನೊಂದು 79, ಮತ್ತೊಂದು 83. ಈ ಚಿಪ್‌ನ ಮಿತಿ 90. 68 ನಿಜವಾದರೆ ಆರಾಮಾಗಿರಬಹುದು, 83 ನಿಜವಾದರೆ ಕೂಲರ್ ಬಗ್ಗೆ ಯೋಚಿಸಲೇಬೇಕು, ಅಲ್ವಾ?

68 ತೋರಿಸಿದ್ದು ಮದರ್‌ಬೋರ್ಡ್ ಜೊತೆ ಬಂದ ಆ್ಯಪ್. ಅದರ ನಂಬರ್ ನಿಧಾನಕ್ಕೆ ಏರುತ್ತದೆ, ಲೋಡ್ ನಿಲ್ಲಿಸಿದ ಮೇಲೆ ನಿಧಾನಕ್ಕೇ ಇಳಿಯುತ್ತದೆ. ಚಿಪ್‌ನ ಒಳಗಿನ ಬಿಸಿ ಹಾಗಿರುವುದಿಲ್ಲ, ಬ್ರೌಸರ್ ತೆರೆದರೂ ಕ್ಷಣದಲ್ಲಿ ಹತ್ತು ಡಿಗ್ರಿ ಜಿಗಿಯುತ್ತದೆ. ಆ್ಯಪ್ ಓದುತ್ತಿದ್ದದ್ದು ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಹತ್ತಿರದ ಸೆನ್ಸರನ್ನು ಅಂತ ಅಲ್ಲೇ ಗೊತ್ತಾಯಿತು.

79 ಬಂದಿದ್ದು ಎಎಂಡಿಯದೇ ರೈಜೆನ್ ಮಾಸ್ಟರ್‌ನಲ್ಲಿ, 83 ಬಂದಿದ್ದು ಎಲ್ಲ ಸೆನ್ಸರುಗಳನ್ನೂ ತೋರಿಸುವ ಪ್ರೋಗ್ರಾಮ್ ಆದ ಎಚ್‌ಡಬ್ಲ್ಯೂಇನ್ಫೋದ 'ಟಿಸಿಟಿಎಲ್/ಟಿಡೈ' ಸಾಲಿನಲ್ಲಿ. ಎರಡೂ ಸರಿಯೇ. ಮೊದಲನೆಯದು ಡೈ, ಅಂದರೆ ಚಿಪ್‌ನ ಸಿಲಿಕಾನ್ ತುಂಡಿನ ಸರಾಸರಿ, ಎರಡನೆಯದು ಚಿಪ್ ತನ್ನ ನಿಯಂತ್ರಣಕ್ಕೆ ಬಳಸುವ ನಂಬರ್. ಎಚ್‌ಡಬ್ಲ್ಯೂಇನ್ಫೋದಲ್ಲೇ 'ಸಿಪಿಯು ಡೈ' ಸರಾಸರಿಯ ಸಾಲು ಬೇರೆ ಇದೆ, ಅದು ರೈಜೆನ್ ಮಾಸ್ಟರ್‌ಗೆ ಹತ್ತಿರ ಹತ್ತಿರ ಹೊಂದಿತು.

ಇಷ್ಟಕ್ಕೇ ಬಿಡೋಕೆ ಮನಸ್ಸಾಗಲಿಲ್ಲ. ಚಿಪ್ ಯಾವ ನಂಬರಿನ ಮಾತು ಕೇಳುತ್ತದೆ ಅಂತ ಕಣ್ಣಾರೆ ನೋಡಬೇಕಿತ್ತು. ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ ಫ್ಯಾನ್ ಸ್ಪೀಡ್ ತುಂಬಾ ಕಡಿಮೆ ಮಾಡಿ ಮತ್ತೆ ಸಿನೆಬೆಂಚ್ ಹಾಕಿದೆ. ಎಚ್‌ಡಬ್ಲ್ಯೂಇನ್ಫೋದಲ್ಲಿ 86, 88, 89 ಅಂತ ಏರುತ್ತಾ ಹೋಗಿ 90ಕ್ಕೆ ಬಂದು ನಿಂತೇಬಿಟ್ಟಿತು. ಅಲ್ಲಿಂದ ಬಿಸಿ ಏರಲಿಲ್ಲ, ಬದಲಿಗೆ ಕ್ಲಾಕ್ ಸ್ಪೀಡ್ ಇಳಿಯಲು ಶುರುವಾಯಿತು. ಫ್ಯಾನ್ ಹಾಗೇ ಇಟ್ಟು ಬೋರ್ಡಿನ ಆ್ಯಪ್‌ನಲ್ಲಿ ಮತ್ತೊಮ್ಮೆ ನೋಡಿದರೆ ಅದು ಇನ್ನೂ 74ರಲ್ಲೇ ಇತ್ತು! ಅದನ್ನೇ ನಂಬಿ ಕೂತಿದ್ದರೆ ಪ್ರೊಸೆಸರ್ ಯಾಕೆ ನಿಧಾನವಾಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ.

ಕೋರ್ ಟೆಂಪ್ ಅನ್ನೋ ಪ್ರೋಗ್ರಾಮ್ ಕೂಡ ಹಾಕಿ ನೋಡಿದೆ, ಎಚ್‌ಡಬ್ಲ್ಯೂಇನ್ಫೋಗೂ ಅದಕ್ಕೂ ಒಂದು ಡಿಗ್ರಿ ವ್ಯತ್ಯಾಸ ಅಷ್ಟೇ. ಗಡಿಯಾರದ ಪಕ್ಕ ಚಿಕ್ಕದಾಗಿ ನಂಬರ್ ಇದ್ದರೆ ಸಾಕು ಅನ್ನುವವರಿಗೆ ಅದೇ ಚೆಂದ. ಇಂಟೆಲ್‌ನಲ್ಲಿ ಅದು ಇನ್ನೂ ಉಪಯೋಗಕ್ಕೆ ಬರುತ್ತದೆ, ಯಾಕಂದರೆ ಅಲ್ಲಿ ಪ್ರತಿ ಕೋರ್‌ಗೂ ಬೇರೆ ನಂಬರ್ ಸಿಗುತ್ತದೆ. ತಮ್ಮನ ಐ5 12400ರಲ್ಲಿ ಆರು ಕಾಣುತ್ತವೆ. ಇಂಟೆಲ್ ಸೆನ್ಸರ್ ಹೇಳುವುದು ಮಿತಿಯಾದ 100ಕ್ಕೆ ಇನ್ನೂ ಎಷ್ಟು ದೂರ ಅಂತ, ಪ್ರೋಗ್ರಾಮ್ ಅದನ್ನು 100ರಿಂದ ಕಳೆದು ತೋರಿಸುತ್ತದೆ. ಹಾಗಾಗಿ ಮಿತಿಯ ಹತ್ತಿರ ಅದು ಜಾಸ್ತಿ ನಿಖರ, ತಣ್ಣಗಿರುವಾಗ ಅಂದಾಜು.

ಬಯಾಸ್‌ನಲ್ಲಿ 52 ನೋಡಿ ಗಾಬರಿಯಾಗಬೇಡಿ. ಅಲ್ಲಿ ಪ್ರೊಸೆಸರ್ ವಿಂಡೋಸ್‌ನಲ್ಲಿ ಮಲಗುವ ಹಾಗೆ ಮಲಗುವುದಿಲ್ಲ. ನನ್ನದೇ ಸಿಸ್ಟಮ್ ಡೆಸ್ಕ್‌ಟಾಪ್‌ಗೆ ಬಂದು ಸುಮ್ನೆ ಇದ್ದಾಗ 43.

ಲಿನಕ್ಸ್‌ನಲ್ಲಿ 'ಸೆನ್ಸರ್ಸ್' ಕಮಾಂಡ್ ಕೊಟ್ಟರೆ ಎಎಂಡಿ ಪ್ರೊಸೆಸರ್‌ನ ಬಿಸಿ ಓದುವ ಡ್ರೈವರ್ ಆದ ಕೆ10ಟೆಂಪ್ ಕೆಳಗಿನ ಟಿಸಿಟಿಎಲ್ ಸಾಲನ್ನೇ ನೋಡಿ. ಬೋರ್ಡಿನ ಹೆಚ್ಚುವರಿ ಸೆನ್ಸರ್ ಪಿನ್ನಿನ ಸಾಲು 'ಆಕ್ಸ್‌ಟಿನ್'ನಲ್ಲಿ ನನಗೆ 112 ಬಂತು. ಬೋರ್ಡಿನಲ್ಲಿ ಆ ಪಿನ್ನಿಗೆ ಏನೂ ಜೋಡಿಸಿಲ್ಲದಿದ್ದರೆ ಹೀಗೆ ಅರ್ಥವಿಲ್ಲದ ನಂಬರ್ ಬರುತ್ತದೆ. ಹಳೆಯ ರೈಜೆನ್ 7 1700ಎಕ್ಸ್, 1800ಎಕ್ಸ್ ಇದ್ದವರು ಇನ್ನೊಂದು ಗಮನಿಸಿ, ಅವುಗಳ ಟಿಸಿಟಿಎಲ್ ನಿಜಕ್ಕಿಂತ 20 ಡಿಗ್ರಿ ಜಾಸ್ತಿ ಇರುತ್ತದೆ. 2700ಎಕ್ಸ್‌ನಲ್ಲಿ 10.

ನಾನು ಎಚ್‌ಡಬ್ಲ್ಯೂಇನ್ಫೋ ಒಂದನ್ನೇ ಇಟ್ಟುಕೊಂಡು ಉಳಿದದ್ದೆಲ್ಲ ತೆಗೆದೆ. ಎರಡು ಪ್ರೋಗ್ರಾಮ್ ಒಟ್ಟಿಗೆ ಒಂದೇ ಸೆನ್ಸರ್ ಚಿಪ್‌ಗೆ ಕೈ ಹಾಕಿದರೆ ರೀಡಿಂಗ್ ಕೆಡಬಹುದು. ನಂಬಬೇಕಾದದ್ದು 83 ಅಂತಾಯಿತಲ್ಲ, ಹಾಗಾಗಿ ಹೊಸ ಕೂಲರ್ ಬೇಕು. ಅದು ಬಂದ ಮೇಲೆ ರೂಮು ಮತ್ತೆ 34 ಇರುವ ಸಂಜೆ ನೋಡಿಯೇ ಅದೇ ಹತ್ತು ನಿಮಿಷ ಓಡಿಸುತ್ತೇನೆ.