ಹಳೆ ಬಂಗಲೆಯ ಮಾಡಿಗೆ ಬಾಸೆಲ್ ಮಿಷನ್ ಹಂಚು: ಕೊಳ್ಳುವ ಮುನ್ನ

ಬ್ರಿಟಿಷರ ಕಾಲದ ಬಂಗಲೆಯ ಮಾಡು ರಿಪೇರಿಗೆ ಬಂದರೆ ಹೊಸ ಹಂಚಿಗಿಂತ, ಕೆಡವಿದ ಮನೆಗಳಿಂದ ಬರುವ ಹಳೆ ಮಂಗಳೂರು ಹಂಚೇ ಮೇಲು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಮುದ್ರೆಯ ಗಟ್ಟಿ ಹಂಚು ಸಿಕ್ಕರಂತೂ ಬಿಡಬೇಡಿ. ಹಾಗೆಂದು ಮುದ್ರೆಯೊಂದನ್ನೇ ನಂಬಿ ದುಡ್ಡು ಎಣಿಸಬೇಡಿ.

ಆ ಮಿಷನ್ನಿನ ಜರ್ಮನ್ ಮಿಷನರಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನೇತ್ರಾವತಿ ದಂಡೆಯ ಜೇಡಿಮಣ್ಣು, ಸಾಗಿಸಲು ದೋಣಿ, ಎರಡೂ ಅಲ್ಲೇ ಇದ್ದವು. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆಯೂ ಶುರುವಾಯಿತು. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹಂಚು ಎರಡು ಪದರ ಹೊದಿಸುವ ನಾಡ ಹಂಚಿಗಿಂತ ಹಗುರ. ಬಂಗಲೆಗಳ ಎತ್ತರದ ಮಾಡು, ಅಗಲವಾದ ಜಗಲಿಗೆ ಅದು ಚೆನ್ನಾಗಿ ಒದಗಿತು. ಹಂಚಿನ ಮೇಲೆ 1865 ಎಂದಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಆ ಹಂಚು ಸುಟ್ಟ ವರ್ಷವಲ್ಲ. ಆ ಅಂಕಿ ತೋರಿಸಿ ಹೆಚ್ಚು ಬೆಲೆ ಕೇಳಿದರೆ ಒಪ್ಪಬೇಡಿ.

ಪ್ರತಿ ಹಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಕಣಕಣ ಎಂದರೆ ಸರಿ. ಬೊದ್ದು ಸದ್ದು ಬಂದರೆ ಕೂದಲೆಳೆ ಬಿರುಕಿದೆ, ಇಲ್ಲವೇ ಸುಟ್ಟದ್ದು ಸಾಲದು. ಹಿಂಬದಿಯಲ್ಲಿ ರೀಪಿಗೆ (ಹಂಚು ಕೂರುವ ಅಡ್ಡ ಮರದ ಪಟ್ಟಿಗೆ) ಸಿಕ್ಕಿಕೊಳ್ಳುವ ಹಲ್ಲುಗಳು ಮುರಿದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಬೇಡ, ಅದು ಜಾರುತ್ತದೆ. ನಾಲ್ಕೈದು ಹಂಚು ಆರಿಸಿ ಅಂಚಿಗೆ ಜೇಡಿಮಣ್ಣಿನ ಕಟ್ಟೆ ಕಟ್ಟಿ, ನೀರು ತುಂಬಿ ಆರು ಗಂಟೆ ಬಿಡಿ. ಅಡಿಭಾಗ ತೇವವಾದರೆ ಚಿಂತೆಯಿಲ್ಲ, ಹನಿ ಬೀಳಬಾರದು.

ಲೆಕ್ಕ ಹೀಗೆ: ಚದರ ಮೀಟರಿಗೆ ಸುಮಾರು 15, ಅಂದರೆ ನೂರು ಚದರ ಅಡಿಗೆ 140ರ ಹತ್ತಿರ. ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚಿಗೆ ತನ್ನಿ. ಒಂದೊಂದೂ ಎರಡರಿಂದ ಎರಡೂವರೆ ಕಿಲೋ ತೂಗುತ್ತದೆ, ಮಳೆಯಲ್ಲಿ ನೆನೆದರೆ ಇನ್ನೂ ಭಾರ. ಗೆದ್ದಲು ತಿಂದ ಪಕ್ಕಾಸು (ರೀಪುಗಳನ್ನು ಹೊರುವ ಇಳಿಜಾರಿನ ಮರ) ಬದಲಾಯಿಸದೆ ಹಂಚು ಏರಿಸಬೇಡಿ.

ಬೇರೆ ಬೇರೆ ಮುದ್ರೆಯ ಹಂಚು ಬೆರೆಸಿದರೆ ಮಾಡು ಸೋರುತ್ತದೆ. ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚಿನಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸವಿರುತ್ತದೆ. ಹಂಚುಗಳು ಕಚ್ಚಿಕೊಳ್ಳುವ ತೋಡು ಸರಿಯಾಗಿ ಕೂರದೆ ಸಂದು ಬಿಡುತ್ತದೆ, ಗಾಳಿ ಮಳೆ ನೀರನ್ನು ಅದರೊಳಗೆ ನೂಕುತ್ತದೆ. ಒಂದು ಇಳಿಜಾರಿಗೆ ಒಂದೇ ಮುದ್ರೆ ಇರಲಿ. ಕಡಿಮೆ ಬಿದ್ದರೆ ಬೇರೆ ಮುದ್ರೆಯದನ್ನು ಹಿತ್ತಲ ಕಡೆಯ ಇಳಿಜಾರಿಗೆ ಪೂರ್ತಿಯಾಗಿ ಹಾಕಿ.

ರೀಪಿನ ಅಂತರವನ್ನು ಬಡಗಿಯ ರೂಢಿಗೆ ಬಿಡಬೇಡಿ. ತಂದ ಹಂಚಿನಲ್ಲೇ ಹತ್ತನ್ನು ನೆಲದ ಮೇಲೆ ಉದ್ದಕ್ಕೆ ಕಚ್ಚಿಸಿಡಿ. ಪೂರ್ತಿ ಎಳೆದು ಒಮ್ಮೆ, ಪೂರ್ತಿ ಒತ್ತಿ ಒಮ್ಮೆ, ಮೊದಲ ಹಂಚಿನ ತಲೆಯಿಂದ ಹತ್ತನೆಯದರ ತಲೆಯವರೆಗೆ ಅಳೆದು, ಎರಡರ ಸರಾಸರಿಯನ್ನು ಒಂಬತ್ತರಿಂದ ಭಾಗಿಸಿ ನೋಡಿ. ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು ಬರುತ್ತದೆ. ಸೂರಂಚಿನ ರೀಪು ಮಾತ್ರ ಒಂದು ಹಂಚಿನ ದಪ್ಪದಷ್ಟು ಎತ್ತರವಿರಬೇಕು. ಇಲ್ಲದಿದ್ದರೆ ಮೊದಲ ಸಾಲು ತಲೆ ತಗ್ಗಿಸುತ್ತದೆ, ಮೇಲಿನ ಸಾಲುಗಳು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ.

ಮಾಡಿನ ನೆತ್ತಿಯ ಹಂಚಿಗೆ ಸುಣ್ಣದ ಗಾರೆಯೇ ಸರಿ. ಬರೀ ಸಿಮೆಂಟ್ ಹಾಕಿದರೆ ಮರ ಹಿಗ್ಗಿ ಕುಗ್ಗುವಾಗ ಬಿರುಕು ಬಿಡುತ್ತದೆ, ಮುಂದೆ ಹಂಚನ್ನು ಒಡೆಯದೆ ತೆಗೆಯಲೂ ಆಗುವುದಿಲ್ಲ. ಎರಡು ಇಳಿಜಾರು ಒಳಮುಖವಾಗಿ ಸೇರುವ ಕಡೆ ತಗಡನ್ನು ಎರಡೂ ಬದಿ ಹಂಚಿನಡಿ ಆರು ಇಂಚಾದರೂ ಒಳಗೆ ಹೋಗುವಂತೆ ಹಾಸಿ. ಪೋರ್ಟಿಕೋ, ಮುಂಚಾಚುಗಳಿರುವ ಬಂಗಲೆಗಳಲ್ಲಿ ಮೊದಲು ಸೋರುವುದು ಇಲ್ಲೇ.

ಬಣ್ಣ ಬಳಿಯುವುದು ನಮಗೆ ಒಪ್ಪಿಗೆಯಿಲ್ಲ. ಹೀರಿದ ನೀರು ಆರದೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ, ಆ ಹಳೆಯ ಕೆಂಪೂ ಮುಚ್ಚಿಹೋಗುತ್ತದೆ. ಪಾಚಿ ತೆಗೆಯಲು ಜೆಟ್ ಪಂಪ್ ಹಿಡಿದರೆ ಮೇಲ್ಮೈ ಸವೆಯುತ್ತದೆ. ಬೇಸಿಗೆಯಲ್ಲಿ ಒಣಗಿದ ಮೇಲೆ ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಿದರೆ ಸಾಕು.