ಚುರೋಸ್‌ಗೆ ಸಕ್ಕರೆ ಅಂಟುವುದಿಲ್ಲ: ಏರ್ ಫ್ರೈಯರ್‌ನ ದೀರ್ಘ ಬಳಕೆಯ ನಂತರ

ಬಿಸಿಗಾಳಿಯಲ್ಲಿ ಬೇಯಿಸುವ ಏರ್ ಫ್ರೈಯರ್‌ನಿಂದ ಹೊರತೆಗೆದ ಚುರೋಸ್‌ಗೆ, ಅಂದರೆ ಹಿಟ್ಟನ್ನು ಗೆರೆಗೆರೆಯ ಕಡ್ಡಿಗಳಾಗಿ ಒತ್ತಿ ಕರಿಯುವ ಸ್ಪೇನಿನ ತಿನಿಸಿಗೆ, ಸಕ್ಕರೆ ಅಂಟುವುದಿಲ್ಲ. ಯಂತ್ರದ ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರಗಳನ್ನು ನೋಡಿ ಈ ಸಂಗತಿಯನ್ನು ಊಹಿಸುವುದು ಸಾಧ್ಯವಿಲ್ಲವಾದ್ದರಿಂದ ವಿಮರ್ಶೆಯನ್ನು ಇಲ್ಲಿಂದಲೇ ಆರಂಭಿಸುತ್ತೇನೆ. ಬಾಣಲೆಯಿಂದ ತೆಗೆದ ಚುರೋಸ್‌ನ ಮೈಮೇಲೆ ಎಣ್ಣೆಯ ಪಸೆ ಇರುತ್ತದೆ. ಬಿಸಿ ಆರುವ ಮೊದಲೇ ಸಕ್ಕರೆ ಮತ್ತು ದಾಲ್ಚಿನ್ನಿ ಪುಡಿ ಹರಡಿದ ತಟ್ಟೆಯಲ್ಲಿ ಹೊರಳಿಸಿದರೆ ಅದರ ಒಂದೊಂದು ಗೆರೆಯಲ್ಲೂ ಹರಳು ಕಚ್ಚಿಕೊಳ್ಳುತ್ತದೆ. ಬಿಸಿಗಾಳಿಯಲ್ಲಿ ಬೆಂದದ್ದಕ್ಕೆ ಆ ಪಸೆ ಎಲ್ಲಿಂದ ಬರಬೇಕು? ಎಷ್ಟು ಹೊರಳಿಸಿದರೂ ಸಕ್ಕರೆ ತಟ್ಟೆಯಲ್ಲೇ ಉಳಿದು, ದಾಲ್ಚಿನ್ನಿ ಪುಡಿ ಮಾತ್ರ ಅಲ್ಲಲ್ಲಿ ಕೂರುತ್ತದೆ. ಆದ್ದರಿಂದ ಕರಗಿಸಿದ ಬೆಣ್ಣೆಯನ್ನು ಬ್ರಷ್‌ನಿಂದ ಸವರಿ, ಆಮೇಲೆ ಹೊರಳಿಸಬೇಕಾಗುತ್ತದೆ. ಎಣ್ಣೆ ತಪ್ಪಿಸಲೆಂದು ಕೊಂಡ ಯಂತ್ರದಲ್ಲಿ ಬೆಂದ ತಿನಿಸಿಗೆ ಕೊನೆಯ ಗಳಿಗೆಯಲ್ಲಿ ಬೆಣ್ಣೆ ಬಳಿಯುವುದೆಂದರೆ, ಕೊಟ್ಟ ಹಣಕ್ಕೆ ಅರ್ಥವೇನು ಎಂಬ ಪ್ರಶ್ನೆ ಬಹುಕಾಲ ನನ್ನನ್ನು ಕಾಡಿದ್ದುಂಟು.

ನನ್ನಲ್ಲಿರುವುದು ನಾಲ್ಕು ಲೀಟರಿನ ಬುಟ್ಟಿಯ, 1500 ವ್ಯಾಟ್‌ನ ಸಾಮಾನ್ಯ ಯಂತ್ರ. ಉಳಿದ ವಿವರಗಳು ಎಲ್ಲ ಮಾರಾಟದ ಪುಟಗಳಲ್ಲೂ ಇರುವುದರಿಂದ ಅವನ್ನು ಬಿಟ್ಟುಬಿಡುತ್ತೇನೆ. ಒಂದನ್ನು ಮಾತ್ರ ಹೇಳಲೇಬೇಕು: 230 ವೋಲ್ಟ್‌ನಲ್ಲಿ 1500 ವ್ಯಾಟ್ ಎಂದರೆ ಸುಮಾರು ಆರೂವರೆ ಆಂಪಿಯರ್ ವಿದ್ಯುತ್ ಹರಿಯುತ್ತದೆ, ಅಂದರೆ ಆರು ಆಂಪಿಯರಿನ ಸಣ್ಣ ಸಾಕೆಟ್ ಇದಕ್ಕೆ ಸಾಲದು. ನಮ್ಮ ಅಡುಗೆಮನೆಯಲ್ಲಿ 16 ಆಂಪಿಯರಿನ ಸಾಕೆಟ್ ಇರುವುದು ಒಂದೇ. ಅದು ಮೈಕ್ರೋವೇವ್ ಮತ್ತು ಇದರ ನಡುವೆ ದಿನವೂ ಕೈ ಬದಲಾಯಿಸುತ್ತಿರುತ್ತದೆ.

ಈ ಯಂತ್ರದಲ್ಲಿ ಚುರೋಸ್ ಹಾಳಾಗುವುದಕ್ಕೆ ಮುಖ್ಯ ಕಾರಣ ಉಷ್ಣಾಂಶವಲ್ಲ, ಹಿಟ್ಟು. ಸ್ಪೇನಿನಲ್ಲಿ ಚುರೋಸ್ ಹಿಟ್ಟೆಂದರೆ ಮೈದಾ, ಕುದಿನೀರು ಮತ್ತು ಉಪ್ಪು, ಇಷ್ಟೇ. ಮ್ಯಾಡ್ರಿಡ್‌ನಲ್ಲಿ 1894ರಿಂದ ನಡೆದುಬಂದಿರುವ ಸಾನ್ ಹಿನೆಸ್ ಅಂಗಡಿಯಲ್ಲಿ ದಪ್ಪನೆಯ ಬಿಸಿ ಚಾಕೊಲೇಟ್‌ನಲ್ಲಿ ಅದ್ದಿ ತಿನ್ನುವ ಚುರೋಸ್ ಈ ಪರಂಪರೆಯದು. ಮೆಕ್ಸಿಕೋ ನಗರದಲ್ಲಿ 1935ರಲ್ಲಿ ಆರಂಭವಾದ ಎಲ್ ಮೊರೋ ಅಂಗಡಿಯಲ್ಲಿ ಹಿಟ್ಟನ್ನು ಅಗಲವಾದ ಕೊಪ್ಪರಿಗೆಯೊಳಗೆ ಸುರುಳಿಯಾಗಿ ಒತ್ತಿ, ಬೆಂದ ಮೇಲೆ ಕತ್ತರಿಸುತ್ತಾರೆ. ಕಾದ ಎಣ್ಣೆ ಹಿಟ್ಟನ್ನು ಎಲ್ಲ ಕಡೆಯಿಂದಲೂ ಒಮ್ಮೆಗೇ ಮುತ್ತಿಕೊಳ್ಳುವುದರಿಂದ ಕ್ಷಣಾರ್ಧದಲ್ಲಿ ಮೇಲ್ಪದರ ಗಟ್ಟಿಯಾಗಿ, ಒಳಗಿನ ನೀರು ಆವಿಯಾಗಿ, ಒಳಭಾಗ ಮೃದುವಾಗಿ ಉಳಿಯುತ್ತದೆ. ಗಾಳಿ ಎಷ್ಟೇ ಬಿಸಿಯಾಗಿ, ಎಷ್ಟೇ ವೇಗವಾಗಿ ಬೀಸಿದರೂ ಎಣ್ಣೆಯಷ್ಟು ಶೀಘ್ರವಾಗಿ ಶಾಖವನ್ನು ದಾಟಿಸಲಾರದು. ಬರೀ ಮೈದಾ ಮತ್ತು ನೀರಿನ ಹಿಟ್ಟು ಅದರಲ್ಲಿ ಬೇಯುವುದಕ್ಕಿಂತ ಹೆಚ್ಚಾಗಿ ಒಣಗುತ್ತದೆ. ಹೊರಗೆ ಬಿಳಿಚಿಕೊಂಡು, ಒಳಗೆ ಗಟ್ಟಿಯಾಗಿ, ಹಲ್ಲಿಗೆ ಕೆಲಸ ಕೊಡುತ್ತದೆ.

ನಮ್ಮ ಅತ್ತೆಯವರು ಮೊಟ್ಟೆ ಮುಟ್ಟುವುದಿಲ್ಲ. ಅವರಿಗಾಗಿ ಮೊಟ್ಟೆಯಿಲ್ಲದ ಹಿಟ್ಟನ್ನು ತುಪ್ಪ ಹೆಚ್ಚಿಸಿಯೂ, ಹಾಲು ಬೆರೆಸಿಯೂ, ಬೇಕಿಂಗ್ ಪೌಡರ್ ಹಾಕಿಯೂ ಮಾಡಿ ನೋಡಿದ್ದೇನೆ. ಹಾಲು ಹಾಕಿದರೆ ಬಣ್ಣ ತುಸು ಚೆನ್ನಾಗಿ ಬರುತ್ತದೆ, ಅಷ್ಟೇ. “ಇದು ಸಕ್ಕರೆ ಹಾಕಿದ ಖಾರಾಕಡ್ಡಿ ಕಣಮ್ಮ, ಚೆನ್ನಾಗೇ ಇದೆ, ಆದರೆ ಕರಿದದ್ದಲ್ಲ” ಎಂದು ಅವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಆ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸಲು ನನಗೆ ಇಂದಿಗೂ ಆಧಾರ ಸಿಕ್ಕಿಲ್ಲ. ಅವರ ಪಾಲಿನದನ್ನು ಬಾಣಲೆಯಲ್ಲೇ ಕರಿಯುತ್ತೇನೆ. ಮೊಟ್ಟೆ ತಿನ್ನದ ಮನೆಯವರು ಕೇವಲ ಚುರೋಸ್‌ಗಾಗಿ ಈ ಯಂತ್ರ ಕೊಳ್ಳುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಬೆಣ್ಣೆ ಮತ್ತು ಮೊಟ್ಟೆ ಸೇರಿದ ಹಿಟ್ಟಿನ ವಿಷಯ ಬೇರೆ. ಒಂದು ಲೋಟ ನೀರಿಗೆ, ಅಂದರೆ ಸುಮಾರು 240 ಮಿಲಿಲೀಟರಿಗೆ, 75 ಗ್ರಾಂ ಬೆಣ್ಣೆ, ಒಂದು ದೊಡ್ಡ ಚಮಚ ಸಕ್ಕರೆ ಮತ್ತು ಚಿಟಿಕೆ ಉಪ್ಪು ಹಾಕಿ ಕುದಿಸಿ, 125 ಗ್ರಾಂ ಮೈದಾವನ್ನು ಒಮ್ಮೆಗೇ ಸುರಿದು, ತಳದಲ್ಲಿ ತೆಳುವಾದ ಪದರ ಹಿಡಿಯುವವರೆಗೆ ಮರದ ಸೌಟಿನಿಂದ ಗೊಟಾಯಿಸಬೇಕು. ಕೈ ತಾಳುವಷ್ಟು ಆರಿದ ಮೇಲೆ ಎರಡು ಮೊಟ್ಟೆಗಳನ್ನು ಒಂದಾದ ಮೇಲೊಂದರಂತೆ ಸೇರಿಸಬೇಕು. ಆರುವ ಮೊದಲೇ ಹಾಕಿದರೆ ಮೊಟ್ಟೆ ಹಿಟ್ಟಿನಲ್ಲೇ ಬೆಂದುಹೋಗುತ್ತದೆ. ಬೇಕರಿಯಲ್ಲಿ ಕೆನೆ ತುಂಬಿ ಮಾರುವ ಎಕ್ಲೇರ್‌ನ ಹೊರಚಿಪ್ಪು ಇದೇ ಬಗೆಯ ಹಿಟ್ಟಿನದು, ಅದು ಬೇಯುವುದು ಓವನ್‌ನ ಒಣ ಶಾಖದಲ್ಲಿ. ಒಳಗಿನ ಆವಿ ಹಿಟ್ಟನ್ನು ಉಬ್ಬಿಸುತ್ತದೆ, ಮೊಟ್ಟೆಯ ಪ್ರೋಟೀನು ಆ ಉಬ್ಬನ್ನು ಹಿಡಿದು ನಿಲ್ಲಿಸುತ್ತದೆ. ಏರ್ ಫ್ರೈಯರ್ ಎಂಬುದು ನೆತ್ತಿಯ ಮೇಲೆ ಫ್ಯಾನ್ ಇರುವ ಪುಟ್ಟ ಓವನ್ ಆಗಿರುವುದರಿಂದ, ಅದರಲ್ಲಿ ಚೆನ್ನಾಗಿ ಬರುವುದು ಈ ಬೇಕರಿ ಕುಲದ ಚುರೋಸೇ ಹೊರತು ಮ್ಯಾಡ್ರಿಡ್‌ನ ಕರಿದ ಚುರೋಸ್ ಅಲ್ಲ. ಇದನ್ನು ಮನಗಂಡ ಮೇಲೆ ಯಂತ್ರದ ಮೇಲಿನ ನನ್ನ ಸಿಟ್ಟು ಬಹುಮಟ್ಟಿಗೆ ಇಳಿಯಿತು.

ಹಿಟ್ಟನ್ನು ಒತ್ತುವುದಕ್ಕೆ ಪ್ಲಾಸ್ಟಿಕ್ ಚೀಲ ಮತ್ತು ನಳಿಗೆಗಳ ಸೆಟ್ಟನ್ನು ಕೊಳ್ಳಬೇಕಾಗಿಲ್ಲ. ಮನೆಯ ಹಿತ್ತಾಳೆಯ ಚಕ್ಕುಲಿ ಒರಳಿಗೆ ನಕ್ಷತ್ರದ ಅಚ್ಚು ಹಾಕಿದರೆ ಸಾಕು. ಗೆರೆಗಳಿರುವುದು ಕೇವಲ ಅಂದಕ್ಕಲ್ಲ. ಬಿಸಿ ತಾಗುವ ಮೈ ಹೆಚ್ಚುತ್ತದೆ, ಏಣುಗಳು ಬೇಗ ಕಂದಾಗಿ ಗರಿಗರಿಯಾಗುತ್ತವೆ, ಕೊನೆಗೆ ಸಕ್ಕರೆ ಕೂರಲು ಕಣಿವೆಗಳು ಸಿಗುತ್ತವೆ. ಚಕ್ಕುಲಿಯ ಅಚ್ಚಿನಿಂದ ಬರುವ ಚುರೋಸ್ ಅಂಗಡಿಯದಕ್ಕಿಂತ ತೆಳ್ಳಗಿರುತ್ತದೆ ನಿಜ, ಆದರೆ ಬಿಸಿಗಾಳಿಗೆ ತೆಳ್ಳಗಿನದೇ ಒಗ್ಗುತ್ತದೆ. ಒರಳಿನ ತುದಿಯಿಂದ ಇಳಿಯುವ ಹಿಟ್ಟನ್ನು ಒದ್ದೆ ಮಾಡಿದ ಕತ್ತರಿಯಿಂದ ನಾಲ್ಕು ಅಂಗುಲಕ್ಕೊಂದರಂತೆ ಕತ್ತರಿಸಿ ಬೇಕಿಂಗ್ ಪೇಪರಿನ ಮೇಲೆ ಸಾಲಾಗಿ ಇಡುತ್ತೇನೆ. ತಿಂಡಿ ಸುತ್ತಲು ಮಾರುವ ಅಗ್ಗದ ಬಟರ್ ಪೇಪರ್ ಈ ಕೆಲಸಕ್ಕೆ ಬಾರದು. ಶಾಖ ತಡೆಯುವ ಕಾಗದವೇ ಆಗಬೇಕು.

ಇಲ್ಲಿಂದ ಮುಂದಿನ ಕ್ರಮವೇ ನನಗೆ ಈ ಯಂತ್ರದ ನಿಜವಾದ ಸುಖ. ತಟ್ಟೆಯನ್ನು ಕಾಗದಸಮೇತ ಒಂದು ಗಂಟೆ ಫ್ರೀಜರಿನಲ್ಲಿಟ್ಟರೆ ಚುರೋಸ್ ಕಲ್ಲಿನಷ್ಟು ಗಟ್ಟಿಯಾಗುತ್ತವೆ. ಆಮೇಲೆ ಅವನ್ನು ಕಿತ್ತು ಡಬ್ಬಿಗೆ ತುಂಬಿ ಫ್ರೀಜರಿನಲ್ಲೇ ಇಟ್ಟುಬಿಡುತ್ತೇನೆ. ಭಾನುವಾರ ಒಂದು ಒಬ್ಬೆ ಒತ್ತಿಟ್ಟರೆ ವಾರದ ಸಂಜೆಗಳಿಗೆ ಚಿಂತೆಯಿಲ್ಲ. ಕೆಲಸದಿಂದ ಬಂದು, ಕಾಫಿಗೆ ಡಿಕಾಕ್ಷನ್ ಇಳಿಯಲು ಬಿಟ್ಟು, ಯಂತ್ರವನ್ನು 190 ಡಿಗ್ರಿಗೆ ಮೂರು ನಿಮಿಷ ಬರಿದೇ ಕಾಯಿಸಿ, ಡಬ್ಬಿಯಿಂದ ಆರು ಚುರೋಸ್ ತೆಗೆದು ಕೈಬೆರಳಿನಿಂದ ತುಸು ಎಣ್ಣೆ ಸವರಿ ಒಂದಕ್ಕೊಂದು ತಾಗದಂತೆ ಬುಟ್ಟಿಯಲ್ಲಿ ಜೋಡಿಸುತ್ತೇನೆ. ಕಾಗದ ಹಾಸುವುದಾದರೆ ಚುರೋಸ್‌ನ ಜೊತೆಗೇ ಹಾಸಬೇಕು, ಏಕೆಂದರೆ ಬರಿಯ ಕಾಗದವನ್ನು ಮೇಲಿನ ಫ್ಯಾನು ಎತ್ತಿ ಕಾಯಿಲ್‌ಗೆ ತಾಗಿಸುತ್ತದೆ. ಹದಿಮೂರು ಹದಿನಾಲ್ಕು ನಿಮಿಷ ಬೇಕು. ಮೊದಲ ಎಂಟು ನಿಮಿಷ ಬುಟ್ಟಿಯನ್ನು ಎಳೆದು ನೋಡುವ ಚಪಲವನ್ನು ತಡೆದುಕೊಳ್ಳಬೇಕು. ಗೋಡೆ ಗಟ್ಟಿಯಾಗುವ ಮೊದಲೇ ಬಿಸಿ ಇಳಿದರೆ ಉಬ್ಬಿದ್ದು ಕುಸಿಯುತ್ತದೆ. ಗಂಟೆ ಹೊಡೆದ ಮೇಲೆ ಬುಟ್ಟಿಯನ್ನು ಎರಡು ಬೆರಳಿನಷ್ಟು ಹೊರಗೆಳೆದು, ಎರಡು ನಿಮಿಷ ಹಾಗೇ ಬಿಡುತ್ತೇನೆ. ಉಳಿದ ಬಿಸಿಯಲ್ಲೇ ಒಳಗಿನ ಆವಿ ಹೊರಟುಹೋಗಿ, ಮುರಿದರೆ ಸದ್ದು ಬರುವಂಥ ಗರಿ ಉಳಿಯುತ್ತದೆ.

ಸಕ್ಕರೆಯ ಸಮಸ್ಯೆಗೆ ಕೊನೆಗೂ ನೆರವಾದದ್ದು ತುಪ್ಪ. ಬೆಣ್ಣೆಯಲ್ಲಿ ಶೇಕಡಾ 16ರಷ್ಟು ನೀರಿರಬಹುದು. ಆ ನೀರು ಗರಿಯನ್ನು ಮೆತ್ತಗೆ ಮಾಡಿ, ಸಕ್ಕರೆಯನ್ನೂ ಸ್ವಲ್ಪ ಕರಗಿಸುತ್ತದೆ. ತುಪ್ಪದಲ್ಲಿ ನೀರು ಇಲ್ಲವೆಂದೇ ಹೇಳಬಹುದು, ಆರುತ್ತ ಹೋದಂತೆ ಅದು ಹೆಪ್ಪುಗಟ್ಟಿ ಹರಳುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆರು ಚುರೋಸ್‌ಗೆ ಒಂದೂವರೆ ಚಮಚ ತುಪ್ಪ ಸಾಕು. ದಾಲ್ಚಿನ್ನಿಯ ವಿಷಯದಲ್ಲಿ ಕೈ ಬಿಗಿಯಾಗಿರಲಿ: ಮೆಕ್ಸಿಕೋದಲ್ಲಿ ಬಳಸುವುದು ಶ್ರೀಲಂಕಾದ ತೆಳು ಪದರಗಳ ಸೌಮ್ಯ ದಾಲ್ಚಿನ್ನಿಯ ಬಗೆ, ನಮ್ಮ ದಿನಸಿ ಅಂಗಡಿಯ ದಪ್ಪ ಚಕ್ಕೆ ಅದಕ್ಕಿಂತ ತೀಕ್ಷ್ಣವಾದದ್ದು.

ಹಣದ ಲೆಕ್ಕದಲ್ಲಿ ನನಗೆ ದೂರಿಲ್ಲ. ಕಾಯಿಸುವುದೂ ಸೇರಿ ಒಂದು ಒಬ್ಬೆಗೆ ಹದಿನೇಳು ನಿಮಿಷ ಪೂರ್ತಿ ವಿದ್ಯುತ್ ಎಳೆದರೂ ಅರ್ಧ ಯೂನಿಟ್ ದಾಟುವುದಿಲ್ಲ. ಆರೇ ಚುರೋಸ್‌ಗಾಗಿ ಬಾಣಲೆ ತುಂಬ ಎಣ್ಣೆ ಕಾಯಿಸಿ, ಆಮೇಲೆ ಆ ಎಣ್ಣೆಯನ್ನು ಒಗ್ಗರಣೆಗೆ ಮುಗಿಸಲು ವಾರವೆಲ್ಲ ಪರದಾಡುವುದು ತಪ್ಪಿತು ಎಂಬುದೇ ದೊಡ್ಡದು. ಕಾಯಿಸಿದ ಎಣ್ಣೆಯನ್ನು ಮತ್ತೆ ಮತ್ತೆ ಬಳಸುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಜುಲೈಯಿಂದ ಮಿತಿ ಹಾಕಿದೆ, ಆದರೆ ಅದು ಹೋಟೆಲು, ಬೇಕರಿಗಳ ಮಾತು. ಮನೆಯ ಬಾಣಲೆಯನ್ನು ತಪಾಸಣೆ ಮಾಡುವವರು ಯಾರು?

ಮನೆಗೆ ನೆಂಟರು ಬಂದ ದಿನ ಮಾತ್ರ ಈ ಯಂತ್ರ ಕೈ ಕೊಡುತ್ತದೆ. ಎರಡನೆಯ ಒಬ್ಬೆ ಬೇಯುವಷ್ಟರಲ್ಲಿ ಮೊದಲನೆಯದು ಮೆತ್ತಗಾಗಿರುತ್ತದೆ. ಎಲ್ಲವನ್ನೂ ಸಕ್ಕರೆ ಹಚ್ಚದೆ ಬೇಯಿಸಿಟ್ಟು, ಬಡಿಸುವ ಮುನ್ನ ಒಟ್ಟಿಗೇ ಬುಟ್ಟಿಗೆ ಸುರಿದು 180 ಡಿಗ್ರಿಯಲ್ಲಿ ಎರಡು ನಿಮಿಷ ಬಿಸಿ ಮಾಡಿ, ಆಮೇಲೆ ತುಪ್ಪ ಸವರಿದರೆ ಗರಿ ಮರಳುತ್ತದೆ. ಸಕ್ಕರೆ ಹಚ್ಚಿದ್ದನ್ನು ಮತ್ತೆ ಒಳಗಿಡಬಾರದು. ಸಕ್ಕರೆ ಕರಗಿ ಜಾಲರಿಯ ಮೇಲೆ ಪಾಕವಾಗಿ ಇಳಿದು, ಅಲ್ಲೇ ಕರಿಕಾಗಿ ಕಚ್ಚಿಕೊಳ್ಳುತ್ತದೆ.

ಜಾಲರಿಯ ಮಾತು ಬಂದದ್ದರಿಂದ ಉಳಿದ ಒಂದು ದೂರನ್ನೂ ದಾಖಲಿಸುತ್ತೇನೆ. ಮೆತ್ತನೆಯ ಸ್ಪಂಜು ಬಿಟ್ಟು ಬೇರೇನೂ ಬಳಸದಿದ್ದರೂ ಜಾಲರಿಯ ಅಂಚಿನಲ್ಲಿ ನಾನ್‌ಸ್ಟಿಕ್ ಲೇಪ ಏಳತೊಡಗಿದೆ. ಸೇವಾ ಕೇಂದ್ರದಲ್ಲಿ ವಿಚಾರಿಸಿದರೆ, ಜಾಲರಿ ಬಿಡಿಯಾಗಿ ದೊರೆಯುವುದಿಲ್ಲ, ಇಡೀ ಬುಟ್ಟಿಯನ್ನೇ ತರಿಸಬೇಕು ಎಂದರು. ಅದರ ಬೆಲೆ ಹೊಸ ಯಂತ್ರದ ಬೆಲೆಯ ಮೂರನೆಯ ಒಂದು ಭಾಗಕ್ಕೆ ಹತ್ತಿರವಿತ್ತು. ಸದ್ಯಕ್ಕೆ ಕಾಗದ ಹಾಸಿಕೊಂಡೇ ಕೆಲಸ ಸಾಗಿಸುತ್ತಿದ್ದೇನೆ, ಅದರಿಂದ ಗಾಳಿಯ ಓಡಾಟ ಕಡಿಮೆಯಾಗಿ ಚುರೋಸ್‌ನ ಅಡಿಭಾಗ ಬಿಳಿಚಾಗಿ ಉಳಿಯುವುದರಿಂದ ಹತ್ತನೆಯ ನಿಮಿಷಕ್ಕೆ ಒಂದೊಂದನ್ನೂ ಇಕ್ಕಳದಿಂದ ಮಗುಚುವ ಹೊಸ ಕೆಲಸ ಸೇರಿಕೊಂಡಿದೆ. ಹೊಸದಾಗಿ ಕೊಳ್ಳುವವರು ಬುಟ್ಟಿಯ ಅಳತೆ, ಬಟನ್ನುಗಳ ಸಂಖ್ಯೆ ಕೇಳುವ ಮುನ್ನ ಜಾಲರಿ ಬಿಡಿಯಾಗಿ ಸಿಗುತ್ತದೆಯೇ, ಸ್ಟೀಲಿನದು ಉಂಟೇ ಎಂದು ಅಂಗಡಿಯವರನ್ನು ಕೇಳಿ, ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳುವುದು ಒಳಿತು.