ಅಕ್ಕನ ಮದುವೆ ಡಿವಿಡಿಗೋಸ್ಕರ ತಗೊಂಡ ಯುಎಸ್‌ಬಿ ಡಿವಿಡಿ ಡ್ರೈವ್, ಆರು ತಿಂಗಳು ಬಳಸಿದ ಮೇಲೆ

ಲ್ಯಾಪ್‌ಟಾಪ್‌ಗೆ ಹೊರಗಿಂದ ಹಾಕೋ ಈ ಸ್ಲಿಮ್ ಡಿವಿಡಿ ಡ್ರೈವ್ ತಗೊಂಡಿದ್ದು ಒಂದೇ ಕಾರಣಕ್ಕೆ. ಅಕ್ಕನ ಮದುವೆ 2009ರಲ್ಲಿ ಆಗಿದ್ದು, ಸ್ಟುಡಿಯೋದವ್ರು ಮೂರು ಡಿವಿಡಿ ಕೊಟ್ಟಿದ್ರು, ಎರಡನೇದ್ರಲ್ಲಿ ನಮ್ಮಜ್ಜಿ ಆರತಿ ಹಾಡು ಹೇಳ್ತಾರೆ. ಅಜ್ಜಿ ಈಗಿಲ್ಲ, ಅವರ ದನಿ ನಮ್ಮ ಹತ್ರ ಇರೋದು ಅದೊಂದು ಡಿಸ್ಕಲ್ಲೇ, ಹಾಳಾಗೋಕೆ ಮುಂಚೆ ಕಾಪಿ ಮಾಡಿ ಮನೆಯವ್ರ ಫೋನಿಗೆಲ್ಲ ಹಾಕ್ಬೇಕು ಅಂತ ಹೊರಟೆ.

ಮೊದಲನೇ ಡಿಸ್ಕ್ ಆರಾಮಾಗಿ ಬಂತು. ಎರಡನೇದು ಹಾಕಿದ ತಕ್ಷಣ ಡ್ರೈವ್ ಗುರ್ ಅಂತ ಶುರುಮಾಡ್ತು, ಟೇಬಲ್ಲೇ ನಡುಗ್ತಿತ್ತು, ಫೋಲ್ಡರ್ ಓಪನ್ ಮಾಡಿದ್ರೆ ವಿಂಡೋ ಬೆಳ್ಳಗಾಗಿ ನಿಂತ್ಬಿಡ್ತು, ಇಜೆಕ್ಟ್ ಒತ್ತಿದ್ರೂ ಟ್ರೇ ಬರಲ್ಲ, ಕೊನೆಗೆ ಪವರ್ ಬಟನ್ ಹಿಡ್ಕೊಂಡು ಲ್ಯಾಪ್‌ಟಾಪ್ ಆಫ್ ಮಾಡ್ಬೇಕಾಯ್ತು. ಅದೇ ಡಿಸ್ಕ್ ಟಿವಿ ಕೆಳಗಿರೋ ಹಳೇ ಪ್ಲೇಯರ್‌ಗೆ ಹಾಕಿದ್ರೆ ಹಾಡು ಪೂರ್ತಿ ಬಂತು, ಮಧ್ಯೆ ಒಂದ್ಸಲ ಚಿತ್ರ ಚೌಕಚೌಕವಾಗಿ ಒಡೆದು ಮತ್ತೆ ಸರಿಹೋಯ್ತು ಅಷ್ಟೇ. ಅವತ್ತು ರಾತ್ರಿನೇ ಒಂದು ಸ್ಟಾರ್ ಕೊಟ್ಟು ವಾಪಸ್ ಕಳಿಸ್ಬೇಕು ಅಂತಿದ್ದೆ. ಕಳಿಸ್ಲಿಲ್ಲ, ಒಳ್ಳೇದಾಯ್ತು, ತಪ್ಪು ಡ್ರೈವ್‌ದಲ್ಲ.

ಪ್ಲೇಯರ್ ಕೆಲಸ ತೋರಿಸೋದು. ಅದಕ್ಕೆ ಸೆಕೆಂಡಿಗೆ ಸುಮಾರು 1.4 ಎಂಬಿ, ಅಂದ್ರೆ ಡಿವಿಡಿಯ ಮೂಲ ಸ್ಪೀಡ್ (1 ಎಕ್ಸ್ ಅಂತಾರೆ) ಸಾಕು, ನಿಧಾನಕ್ಕೆ ತಿರುಗಿಸ್ಕೊಂಡು ಓದುತ್ತೆ, ಒಂದು ಜಾಗ ಸಿಗ್ಲಿಲ್ಲ ಅಂದ್ರೆ ಬಿಟ್ಟು ಮುಂದೆ ಹೋಗುತ್ತೆ. ಕಂಪ್ಯೂಟರ್‌ಗೆ ಅದು ಅಜ್ಜಿ ಹಾಡೋ ಆಫೀಸಿನ ಲೆಕ್ಕದ ಫೈಲೋ ಗೊತ್ತಿಲ್ಲ, ಲೆಕ್ಕದ ಫೈಲಲ್ಲಿ ಒಂದು ಅಕ್ಷರ ತಪ್ಪಿದ್ರೂ ಕೆಟ್ಟಂಗೇ ಅಲ್ವಾ, ಹಾಗಾಗಿ ಸಿಗದೇ ಇರೋ ಸೆಕ್ಟರ್‌ನ, ಅಂದ್ರೆ ಡಿಸ್ಕಿನ ಆ ಚಿಕ್ಕ ಡೇಟಾ ತುಂಡನ್ನ, ಮತ್ತೆ ಮತ್ತೆ ಕೇಳ್ತಾನೇ ಇರುತ್ತೆ, ಅಲ್ಲಿ ತನಕ ವಿಂಡೋಸ್ ಕಾಯ್ತಾ ಕೂತಿರುತ್ತೆ, ನಾವು ಹ್ಯಾಂಗ್ ಆಯ್ತು ಅಂತೀವಿ. ಹಳೇ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇನ್ನೂ ಕಷ್ಟ ಇತ್ತು, ಒಂದಷ್ಟು ಸಲ ಎರರ್ ಬಂದ್ರೆ ಡ್ರೈವ್‌ನ ಡಿಎಂಎ ಅನ್ನೋ ವೇಗದ ಮೋಡ್‌ನಿಂದ ಪಿಐಓ ಅನ್ನೋ ನಿಧಾನದ ಮೋಡ್‌ಗೆ ಇಳಿಸ್ಬಿಡೋದು, ಆಮೇಲೆ ಓದೋ ಭಾರ ಎಲ್ಲ ಪ್ರೊಸೆಸರ್ ಮೇಲೆ ಬಿದ್ದು ಸಿಸ್ಟಮ್ಮೇ ಕುಂಟೋದು.

ನಮ್ಮ ಡಿಸ್ಕಲ್ಲಿ ಅದರ ಜೊತೆಗೆ ಸ್ಟಿಕ್ಕರ್ ಕಾಟ. ವಧೂವರರ ಫೋಟೋ ಇರೋ ಪೇಪರ್ ಸ್ಟಿಕ್ಕರ್ ಅಂಟಿಸಿದಾರೆ, ಅದು ಸ್ವಲ್ಪ ಓರೆ. ಪ್ಲೇಯರ್ ಸ್ಪೀಡಲ್ಲಿ ಏನೂ ಆಗಲ್ಲ, ಈ ಡ್ರೈವ್ 8 ಎಕ್ಸ್‌ಗೆ ಹೋದಾಗ ತೂಕ ಒಂದು ಕಡೆ ಜಾಸ್ತಿ ಆಗಿ ನಡುಗುತ್ತೆ, ಲೇಸರ್‌ಗೆ ಗೆರೆ ಹಿಡಿಯೋಕಾಗಲ್ಲ. ದಯವಿಟ್ಟು ಯಾರೂ ಸ್ಟಿಕ್ಕರ್ ಕಿತ್ತು ತೆಗೆಯೋಕೆ ಹೋಗ್ಬೇಡಿ. ಡಿವಿಡಿ ಅಂದ್ರೆ 0.6 ಎಂಎಂ ದಪ್ಪದ ಎರಡು ತೆಳು ಪ್ಲಾಸ್ಟಿಕ್ ತಟ್ಟೆ ಸೇರಿಸಿ ಅಂಟಿಸಿರೋದು, ಡೇಟಾ ಅವೆರಡರ ಮಧ್ಯೆ ಇರುತ್ತೆ, ಎಳೆದಾಡಿದ್ರೆ ಬಗ್ಗುತ್ತೆ.

ಅಂಗಡಿಲಿ ತಗೊಂಡ ಕೆಲವು ಸಿನಿಮಾ ಡಿಸ್ಕ್ ಕಥೆ ಬೇರೆ. ಕಾಪಿ ಮಾಡಬಾರದು ಅಂತ ಬೇಕಂತಲೇ ಕೆಟ್ಟ ಸೆಕ್ಟರ್ ಹಾಕಿರ್ತಾರೆ, ಸೋನಿಯವರ ಆರ್ಕಾಸ್ ಅನ್ನೋ ಕಾಪಿ ತಡೆ ಅಂಥದ್ದೇ. ಪ್ಲೇಯರ್ ಮೆನು ಹೇಳಿದ ದಾರಿಲಿ ಮಾತ್ರ ಹೋಗುತ್ತೆ, ಆ ಕೆಟ್ಟ ಸೆಕ್ಟರ್‌ಗಳ ಹಳ್ಳದ ಹತ್ರಾನೂ ಸುಳಿಯಲ್ಲ, ಕಂಪ್ಯೂಟರಲ್ಲಿ ಮೊದಲಿಂದ ಕೊನೆ ತನಕ ಓದೋಕೆ ಹೋದ್ರೆ ನೇರ ಅದರೊಳಗೇ ಬೀಳೋದು.

ನಾನು ಮಾಡಿದ್ದು ಹೇಳ್ತೀನಿ. ಮೊದಲು ಮಧ್ಯೆ ಇದ್ದ ಯುಎಸ್‌ಬಿ ಹಬ್ ತೆಗೆದು ಡ್ರೈವ್‌ನ ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿದೆ, ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್, ಡಿಸ್ಕ್ ತಿರುಗೋಕೆ ಶುರುವಾದಾಗ ಇದು ಅದಕ್ಕಿಂತ ಜಾಸ್ತಿ ಎಳೆಯುತ್ತೆ, ಜೊತೆಗೆ ಕೊಟ್ಟಿರೋ ಎರಡು ತಲೆ ಕೇಬಲ್ ಇರೋದು ಅದಕ್ಕೇ, ಎರಡೂ ಚುಚ್ಚಿ. ಆಮೇಲೆ ವಿಂಡೋಸ್ ಬದಲು ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕ್ಕೊಂಡು, ಸ್ಪೀಡ್ 2 ಎಕ್ಸ್‌ಗೆ ಇಳಿಸಿ, ಕೆಟ್ಟ ಡಿಸ್ಕಿಂದ ಡೇಟಾ ಎತ್ತೋ ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಓಡಿಸಿದೆ. ಅದು ಸುಲಭಕ್ಕೆ ಸಿಗೋದನ್ನೆಲ್ಲ ಮೊದಲು ಎತ್ಕೊಂಡು, ಕಷ್ಟದ ಜಾಗ ಗುರುತು ಹಾಕಿಟ್ಟು, ಕೊನೆಗೆ ವಾಪಸ್ ಬಂದು ಅದನ್ನ ಓದುತ್ತೆ. ಇಡೀ ರಾತ್ರಿ ಬಿಟ್ಟಿದ್ದೆ. ಟೇಬಲ್ ನಡುಗ್ಲಿಲ್ಲ. ಬೆಳಗ್ಗೆ ನೋಡಿದ್ರೆ ಸಿಗದೇ ಉಳಿದಿದ್ದು ಸ್ವಲ್ಪವೇ, ಆ ಫೈಲ್‌ನ ವಿಎಲ್‌ಸಿಲಿ ಹಾಕಿದೆ, ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಪ್ಲೇ ಮಾಡೋದು ಜೊತೆಗೆ ಬರಲ್ಲ, ವಿಎಲ್‌ಸಿ ಥರದ ಬೇರೆ ಪ್ಲೇಯರ್ ಪ್ರೋಗ್ರಾಂ ಬೇಕು. ಪ್ಲೇಯರಲ್ಲಿ ಎಲ್ಲಿ ಚಿತ್ರ ಒಡೀತಿತ್ತೋ ಅಲ್ಲೇ ಒಂದು ಸಲ ಒಡೀತು, ಅಜ್ಜಿ ಹಾಡು ಮಾತ್ರ ಪೂರ್ತಿ ಇದೆ, ಅಮ್ಮನಿಗೆ ಕೇಳಿಸಿದೆ.

ಡ್ರೈವ್‌ಗೆ 4 ಸ್ಟಾರ್. ಕೇಬಲ್ ತುಂಬಾ ಗಿಡ್ಡ, ಎರಡು ತಲೆ ಯಾಕಿದೆ ಅಂತ ಡಬ್ಬದ ಮೇಲೆ ಎಲ್ಲೂ ಬರೆದಿಲ್ಲ, ಅದಕ್ಕೆ 1 ಕಟ್ ಮಾಡಿದೀನಿ. ಮೂರನೇ ಡಿಸ್ಕ್ ಇದರಲ್ಲಿ ಬರ್ಲೇ ಇಲ್ಲ, 2 ಎಕ್ಸಲ್ಲೂ ಇಲ್ಲ, ಪ್ಲೇಯರಲ್ಲಿ ಈಗ್ಲೂ ಓಡುತ್ತೆ. ಅದನ್ನ ಪ್ಲೇಯರ್‌ನ ಎವಿ ಔಟ್‌ಗೆ ಕ್ಯಾಪ್ಚರ್ ಸ್ಟಿಕ್ ಹಾಕಿ ರೆಕಾರ್ಡ್ ಮಾಡ್ಬೇಕು ಅಂತಿದೀನಿ, ಯಾವ ಸ್ಟಿಕ್ ಚೆನ್ನಾಗಿದೆ ಗೊತ್ತಿದ್ದೋರು ಹೇಳಿ.